ಪ್ರಸ್ತಾರ ಹಾಕಿದ ಮೇಲೆ

ಕನ್ನಡದಲ್ಲಿ ನಾಲ್ಕು ಸಾಲಿನ ಪದ್ಯ ಎಂದಾಗ ಮೊದಲು ನೆನಪಾಗುವ ಹೆಸರು ದಿನಕರ ದೇಸಾಯಿಯವರದು. 1909ರಲ್ಲಿ ಅಂಕೋಲೆಯ ಸೀಮೆಯಲ್ಲಿ ಹುಟ್ಟಿದ ಅವರು ಓದಿಗೆಂದು ಮುಂಬಯಿಗೆ ಬಂದರು, ಭಾರತ ಸೇವಕ ಸಮಾಜ ಸೇರಿದರು, ಅಲ್ಲಿಯ ಬಂದರಿನಲ್ಲಿ ಹಡಗಿನ ಕೆಲಸಗಾರರ ಸಂಘಕ್ಕಾಗಿ ದುಡಿದರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಉತ್ತರ ಕನ್ನಡದ ಹಳ್ಳಿಗಳಿಗೆ ಶಾಲೆ ತಂದರು, ‘ಜನಸೇವಕ’ ವಾರಪತ್ರಿಕೆ ನಡೆಸಿದರು, 1967ರಲ್ಲಿ ಲೋಕಸಭೆಗೆ ಹೋದರು. 1982ರಲ್ಲಿ ತೀರಿಕೊಂಡರು. ಈ ಓಡಾಟದ ನಡುವೆಯೇ ಅವರ ಚೌಪದಿಗಳು ಹುಟ್ಟಿದವು. ಚುಟುಕ ಎಂಬ ಮಾತು ಕನ್ನಡದ ಮನೆಮನೆಗೆ ಹೋಯಿತು.

ಚುಟುಕ ಎಂದರೆ ಪುರುಸೊತ್ತಿಲ್ಲದವರ ಪದ್ಯ ಎಂದು ಮುಂಬಯಿಯ ಕವಿಗೋಷ್ಠಿಗಳಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇನೆ. ನನಗೆ ಆ ಮಾತು ಎಂದೂ ಒಪ್ಪಿಗೆಯಾಗಿಲ್ಲ. ನೂರು ಸಾಲಿನ ಕವಿತೆಯಲ್ಲಿ ಒಂದು ಗಣ ಕುಂಟಿದರೆ ಓದುಗ ದಾಟಿಕೊಂಡು ಹೋಗುತ್ತಾನೆ. ನಾಲ್ಕು ಸಾಲಿನದರಲ್ಲಿ ಒಂದು ಮಾತ್ರೆ ಹೆಚ್ಚಾದರೂ ಅನ್ನದಲ್ಲಿ ಕಲ್ಲು ಕಚ್ಚಿದ ಹಾಗೆ. ಹಾಗಾಗಿಯೇ ಛಂದಸ್ಸು, ಪ್ರಾಸ, ಪುನರಾವರ್ತನೆ ಈ ಮೂರೂ ಒಂದು ಕವಿತೆಯಲ್ಲಿ ನಿಜಕ್ಕೂ ಏನು ಕೆಲಸ ಮಾಡುತ್ತವೆ ಎಂದು ನೋಡಬೇಕಾದರೆ ಚಿಕ್ಕ ಪದ್ಯಕ್ಕಿಂತ ಒಳ್ಳೆಯ ಜಾಗ ಇಲ್ಲ.

ನಾವೆಲ್ಲ ಶಾಲೆಯಲ್ಲಿ ಕಲಿತ ದಾರಿ ಒಂದೇ. ಪದ್ಯದ ಮೇಲೆ ಪ್ರಸ್ತಾರ ಹಾಕುವುದು. ದೀರ್ಘಾಕ್ಷರ ಗುರು, ಒತ್ತಕ್ಷರದ ಹಿಂದಿನದು ಗುರು, ಅನುಸ್ವಾರ ವಿಸರ್ಗ ಇದ್ದರೆ ಗುರು, ಉಳಿದದ್ದು ಲಘು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಆಮೇಲೆ ಮೂರು, ನಾಲ್ಕು, ಐದರ ಗಣಗಳಾಗಿ ಗೆರೆ ಎಳೆದು ಛಂದಸ್ಸಿನ ಹೆಸರು ಬರೆಯುವುದು. ಕೆಳಗೆ ‘ಆದಿಪ್ರಾಸವಿದೆ’ ಅಥವಾ ‘ಅಂತ್ಯಪ್ರಾಸವಿದೆ’ ಎಂಬ ಒಂದು ವಾಕ್ಯ. ಪುನರಾವರ್ತನೆ ಇದ್ದರೆ ‘ಭಾವಕ್ಕೆ ಒತ್ತು ಕೊಡಲು’ ಎಂಬ ಇನ್ನೊಂದು ವಾಕ್ಯ. ಶಾಲೆಯ ಉತ್ತರಪತ್ರಿಕೆಯಲ್ಲಿ ಇಷ್ಟು ಸಾಕು. ಆದರೆ ಎಷ್ಟೋ ವಿಮರ್ಶೆಯ ಲೇಖನಗಳೂ ಇಲ್ಲಿಗೇ ನಿಲ್ಲುತ್ತವೆ ಎಂಬುದು ನನ್ನ ಸಂಕಟ. ಎಣಿಕೆ ಬೇಕೇ ಬೇಕು. ಅದರಲ್ಲಿ ತಪ್ಪಿದವರ ಮುಂದಿನ ಮಾತನ್ನು ನಾನು ನಂಬುವುದಿಲ್ಲ. ಆದರೆ ಎಣಿಸಿದ ಮೇಲೆ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಪ್ರಾಸಕ್ಕೆ, ಈ ಮರುಕಳಿಕೆಗೆ ಕವಿ ಏನು ಬೆಲೆ ತೆತ್ತಿದ್ದಾನೆ?

ಬೆಲೆಯ ಮಾತು ಯಾಕೆ ಬಂತೆಂದರೆ, ಕನ್ನಡದಲ್ಲಿ ಎರಡು ಬಗೆಯ ಪ್ರಾಸಗಳಿಗೆ ಎರಡು ದರ ಇದೆ.

ಹಳಗನ್ನಡದ ಕವಿಗೆ ಪ್ರಾಸವೆಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ. ಅಲ್ಲಿ ಒಂದೇ ವ್ಯಂಜನ ಬರಬೇಕು, ಅದರ ಹಿಂದಿನ ಅಕ್ಷರದ ತೂಕವೂ ಹೊಂದಬೇಕು. ಅದರಲ್ಲಿ ಆರು ಬಗೆ, ಆರಕ್ಕೂ ಪ್ರಾಣಿಗಳ ಹೆಸರು: ಹಿಂದೆ ಹ್ರಸ್ವ ಬಂದರೆ ಸಿಂಹ, ದೀರ್ಘ ಬಂದರೆ ಗಜ, ಬಿಂದು ಬಂದರೆ ವೃಷಭ, ವಿಸರ್ಗ ಬಂದರೆ ಅಜ, ಬೇರೆ ವ್ಯಂಜನಗಳ ಒತ್ತು ಬಂದರೆ ಶರಭ, ಅದೇ ವ್ಯಂಜನದ ಒತ್ತಾದರೆ ಹಯ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಕನ್ನಡ ಕವಿಗಳ ಈ ಪ್ರಾಸಪ್ರೀತಿಯನ್ನು ಗುರುತಿಸಿತ್ತು. ಪ್ರಾಸದ ಸೊಗಸಿಗಾಗಿ ನಮ್ಮವರು ಯತಿಯನ್ನೇ, ಎಂದರೆ ಸಾಲಿನ ನಡುವಿನ ನಿಲುಗಡೆಯನ್ನೇ, ಮೀರಿದರು ಎನ್ನುತ್ತದೆ. ಈ ನಿಯಮದ ಒಳಗುಟ್ಟು ಏನೆಂದರೆ, ಸಾಲಿನ ಎರಡನೆಯ ಅಕ್ಷರ ಹೆಚ್ಚಾಗಿ ಒಂದು ಪದದ ಬುಡದಲ್ಲಿರುತ್ತದೆ. ಬುಡ ಎಂದರೆ ಪ್ರಕೃತಿ, ಧಾತು. ಬೇರೆ ಬೇರೆ ಅರ್ಥದ ಬುಡಗಳನ್ನು ಒಂದೇ ಅಕ್ಷರದ ಮೇಲೆ ತಂದು ನಿಲ್ಲಿಸಲು ಕವಿ ಇಡೀ ಶಬ್ದಭಂಡಾರವನ್ನು ಜಾಲಾಡಬೇಕು. ಅದು ದುಬಾರಿ ಪ್ರಾಸ.

ಅಂತ್ಯಪ್ರಾಸ ಹಾಗಲ್ಲ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ನಾಮಪದದಲ್ಲಿ ಮುಗಿದರೂ ಬಾಲಕ್ಕೆ ವಿಭಕ್ತಿ ಅಂಟಿಕೊಂಡಿರುತ್ತದೆ. ‘ಇಂದ’, ‘ಅಲ್ಲಿ’, ‘ಉತ್ತ’, ‘ಇತು’ ಎಂಬ ಪ್ರತ್ಯಯಗಳು ಕೈಚಾಚಿದರೆ ಸಿಗುತ್ತವೆ. ಮನೆಯಲ್ಲಿ, ಕೊನೆಯಲ್ಲಿ, ನೆನಪಿನಲ್ಲಿ ಎಂದು ಬರೆದರೆ ಪ್ರಾಸವಾಯಿತು. ಹುಡುಕುವ ಕೆಲಸವನ್ನು ಕವಿಯಲ್ಲ, ವ್ಯಾಕರಣವೇ ಮಾಡಿಕೊಟ್ಟಿತು. ಇಂಗ್ಲಿಷಿನ ಕವಿಗೆ ಈ ಅನುಕೂಲ ಇಷ್ಟು ಸುಲಭವಾಗಿ ಇಲ್ಲ. ಅಲ್ಲಿ ಸಾಲಿನ ತುದಿಯ ಪದ ಸಾಮಾನ್ಯವಾಗಿ ಬುಡದ ಪದವೇ ಆಗಿರುತ್ತದೆ. ಅದಕ್ಕೇ ಅಲ್ಲಿಯ ಅಂತ್ಯಪ್ರಾಸದ ಬಗ್ಗೆ ಬರೆದ ಮೆಚ್ಚುಗೆಯ ಮಾತುಗಳನ್ನು ನಮ್ಮ ಅಂತ್ಯಪ್ರಾಸಕ್ಕೆ ಹಾಗೆಯೇ ಹಚ್ಚಿದರೆ ಲೆಕ್ಕ ತಪ್ಪುತ್ತದೆ.

1911ರಲ್ಲಿ ಮಂಜೇಶ್ವರದ ಗೋವಿಂದ ಪೈಯವರು ಆದಿಪ್ರಾಸವನ್ನು ಬಿಟ್ಟು ಬರೆದದ್ದು ಹೊಸಗನ್ನಡ ಕಾವ್ಯದ ಚರಿತ್ರೆಯಲ್ಲಿ ದೊಡ್ಡ ಘಟನೆ. ಆಗ ಎದ್ದ ವಾದವಿವಾದ ಇಂದಿನವರಿಗೆ ವಿಚಿತ್ರವಾಗಿ ಕಾಣಬಹುದು. ನನಗೆ ಎರಡೂ ಕಡೆಯವರ ಬೇಗುದಿ ಅರ್ಥವಾಗುತ್ತದೆ. ಪೈಯವರು ಬಿಟ್ಟದ್ದು ಒಂದು ಸಂಕೋಲೆಯನ್ನು, ನಿಜ. ಆದರೆ ಅದರ ಜೊತೆಗೇ ದುಬಾರಿಯಾದ ಒಂದು ಒಡವೆಯೂ ಹೋಯಿತು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1920ರ ದಶಕದಲ್ಲಿ ಹೊಸ ಪದ್ಯಬಂಧಗಳ ಬಾಗಿಲು ತೆರೆದಾಗ ಅಂತ್ಯಪ್ರಾಸ ಆ ಖಾಲಿ ಜಾಗಕ್ಕೆ ಬಂದು ಕೂತಿತು. 1943ರ ‘ಮಂಕುತಿಮ್ಮನ ಕಗ್ಗ’ದಲ್ಲಿ ಡಿ.ವಿ.ಜಿ. ಹಳೆಯ ಎರಡನೆಯಕ್ಷರದ ಪ್ರಾಸವನ್ನೇ ಉಳಿಸಿಕೊಂಡು, ನಾಲ್ಕನೆಯ ಸಾಲಿನ ತುದಿಗೆ ಒಂದೇ ಹೆಸರನ್ನು ಮತ್ತೆ ಮತ್ತೆ ತಂದರು. ಕಗ್ಗಕ್ಕೂ ಚುಟುಕಕ್ಕೂ ಸಾಲು ನಾಲ್ಕೇ. ಆದರೆ ಒಂದು ಬುಡದಲ್ಲಿ ಪ್ರಾಸ ಕಟ್ಟುತ್ತದೆ, ಇನ್ನೊಂದು ತುದಿಯಲ್ಲಿ. ಓದಿ ನೋಡಿ, ಕಗ್ಗದ ಸಾಲು ಶುರುವಾಗುವಾಗಲೇ ಭಾರ. ಚುಟುಕದ ಭಾರವೆಲ್ಲ ಮುಗಿಯುವಲ್ಲಿ.

ಹಾಗಾದರೆ ಅಗ್ಗದ ಪ್ರಾಸದಲ್ಲಿ ಒಳ್ಳೆಯ ಪದ್ಯ ಹೇಗೆ ಹುಟ್ಟುತ್ತದೆ? ದಿನಕರ ದೇಸಾಯಿಯವರೇ ಬರೆದ, ತಮ್ಮ ದೇಹದ ಬೂದಿಯನ್ನು ಏನು ಮಾಡಬೇಕೆಂದು ಹೇಳುವ ಚಿಕ್ಕ ಕವಿತೆಯನ್ನು ನೋಡಬೇಕು. ಕನ್ನಡಿಗರಲ್ಲಿ ಬಹಳ ಜನಕ್ಕೆ ಅದು ಬಾಯಿಪಾಠ, ಆದ್ದರಿಂದ ಸಾಲುಗಳನ್ನು ಇಲ್ಲಿ ಬರೆಯುವುದಿಲ್ಲ. ಓದುಗರು ಮನಸ್ಸಿನಲ್ಲಿ ಹೇಳಿಕೊಳ್ಳಲಿ. ನಡಿಗೆ ಐದು ಮಾತ್ರೆಯದು, ಲಲಿತ ರಗಳೆಯ ನಡಿಗೆ. ಉದ್ದ ಸಾಲಿಗೆ ಐದರ ನಾಲ್ಕು ಗಣ. ಗಿಡ್ಡ ಸಾಲಿಗೆ ಐದರ ಮೂರು ಗಣ, ಮೇಲೊಂದು ಮುಡಿ, ಎಂದರೆ ಗಣಗಳು ಮುಗಿದ ಮೇಲೆ ಉಳಿಯುವ ಅಕ್ಷರ. ಮುಡಿಯ ಹತ್ತಿರ ದನಿ ಎಳೆಯುತ್ತದೆ, ಉಸಿರಿಗೆ ಬಿಡುವು ಸಿಗುತ್ತದೆ. ವಾರ್ಧಕ ಷಟ್ಪದಿ ಕೇಳಿ ಬೆಳೆದ ಕಿವಿಗೆ ಈ ಬಿಡುವು ಹೊಸದಲ್ಲ. ಅಲ್ಲಿಯೂ ಐದರ ಗಣಗಳ ಕೊನೆಗೆ ಒಂದು ಗುರು ನಿಂತು ಅರ್ಧಪದ್ಯವನ್ನು ಮುಚ್ಚುತ್ತದೆ.

ಆ ಕವಿತೆಯ ಅಂತ್ಯಪ್ರಾಸ ಕನ್ನಡದಲ್ಲಿ ಇರುವುದರಲ್ಲೇ ಅಗ್ಗದ್ದು: ‘ಅಲ್ಲಿ’ ಎಂಬ ಸಪ್ತಮಿ. ಪ್ರಾಸದ ಪಟ್ಟಿ ಮಾಡುವವರು ಇದನ್ನು ನೋಡಿ ಮೂಗು ಮುರಿಯಬಹುದು. ಆದರೆ ಆ ಪ್ರತ್ಯಯ ಎಲ್ಲಿ ಕೂತಿದೆ ಗಮನಿಸಿ. ಎರಡನೆಯ ಸಾಲಿನಲ್ಲಿ ಅದು ನೆಲವನ್ನು ತೋರಿಸುತ್ತದೆ, ಕೈಮಾಡಿ ಹೇಳುವ ಜಾಗ ಅದು, ಭತ್ತ ಬೆಳೆಯುವ ಗದ್ದೆ. ನಾಲ್ಕನೆಯ ಸಾಲಿನಲ್ಲಿ ಅದೇ ಪ್ರತ್ಯಯ ಸಾವಿಗೆ ಅಂಟಿಕೊಳ್ಳುತ್ತದೆ. ಗದ್ದೆ ಇರುವ ಹಾಗೆ ಸಾವೂ ಒಂದು ಸ್ಥಳವಾಗಿಬಿಡುತ್ತದೆ, ಬೆಳೆ ತೆಗೆಯಬಹುದಾದ ಸ್ಥಳ. ವ್ಯಾಕರಣ ಪುಕ್ಕಟೆ ಕೊಟ್ಟದ್ದನ್ನು ಕವಿ ಅರ್ಥದಲ್ಲಿ ತೀರಿಸಿದ್ದಾನೆ. ಬೆಲೆ ಎಂದು ನಾನು ಹೇಳುವುದು ಇದನ್ನೇ.

ಪುನರಾವರ್ತನೆಯೂ ಹಾಗೆಯೇ. ಪ್ರತಿ ನುಡಿಯೂ ಒಂದೇ ಮಾತಿನಿಂದ ಶುರುವಾಗಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನಡುವೆ ಬದಲಾಗುವುದು ಭತ್ತ, ಮೀನು, ತಾವರೆ. ಗಾಳಿ, ಹೊಳೆ, ಕೊಳ. ಅಂಕೋಲೆಯ ಕರಾವಳಿಯ ಊಟದ ತಟ್ಟೆಯಲ್ಲಿ ಅನ್ನವೂ ಮೀನೂ ಅಕ್ಕಪಕ್ಕದವು. ಆ ಹೊಟ್ಟೆಯ ಎರಡು ನುಡಿಗಳಾದ ಮೇಲೆ ಬರುವ ತಾವರೆಯನ್ನು ಯಾರೂ ಉಣ್ಣುವುದಿಲ್ಲ. ಅದರಿಂದ ಮೂರನೆಯ ಸಲ ಬರುವ ಅದೇ ಕೊನೆಯ ಸಾಲು ಮೊದಲಿನ ಸಾಲಾಗಿ ಉಳಿಯುವುದಿಲ್ಲ. ಅಕ್ಷರ ಒಂದೂ ಬದಲಾಗದೆ ಅದರ ತೂಕ ಬದಲಾಗಿರುತ್ತದೆ. ‘ಭಾವಕ್ಕೆ ಒತ್ತು’ ಎಂದು ಬರೆದು ಮುಗಿಸಿದರೆ ಇದರಲ್ಲಿ ಏನೂ ದಕ್ಕುವುದಿಲ್ಲ.

ಒಳಗಿನ ಕೀಲುಗಳನ್ನು ಬಿಚ್ಚಿ ತೋರಿಸಬೇಕೆಂದರೆ ಬೇರೆಯವರ ಪದ್ಯವನ್ನು ಕುಯ್ಯುವುದಕ್ಕಿಂತ ಸ್ವಂತದ್ದನ್ನು ಕುಯ್ಯುವುದು ವಾಸಿ. ಈ ಲೇಖನಕ್ಕೆಂದೇ ಕಟ್ಟಿದ ನಾಲ್ಕು ಸಾಲು ಇವು:

ದಾದರಿನ ಸೇತುವೆಗೆ ಮಳೆ ಬಂತು ಮಳೆ ಬಂತು
ಓಡುವರ ಕಾಲೆಲ್ಲ ಅಲ್ಲೆ ನಿಂತು
ಕೊಡೆಯೊಂದು ಬಿಚ್ಚಿದರೆ ಆರು ತಲೆ ಸೇರಿದವು
ಯಾವೂರು ಎಂಬ ಮಾತೆಲ್ಲಿ ಬಂತು

ಎಣಿಸಿ ನೋಡಿ. ಮೊದಲ ಸಾಲು: ದಾದರಿನ, ಸೇತುವೆಗೆ, ಮಳೆ ಬಂತು, ಮಳೆ ಬಂತು. ಐದರ ನಾಲ್ಕು ಗಣ, ಇಪ್ಪತ್ತು ಮಾತ್ರೆ. ಮೂರನೆಯದೂ ಹಾಗೆಯೇ. ಎರಡು ಮತ್ತು ನಾಲ್ಕನೆಯ ಸಾಲುಗಳಲ್ಲಿ ಐದರ ಮೂರು ಗಣ, ‘ತು’ ಎಂಬುದು ಮುಡಿ. ಬರೆದಾಗ ಅದು ಲಘು, ಸಾಲಿನ ಕೊನೆಯಲ್ಲಿ ನಿಂತದ್ದರಿಂದ ಎಳೆದು ಗುರುವಾಗುತ್ತದೆ.

ಇಷ್ಟು ಪ್ರಸ್ತಾರ. ಮುಂದಿನದು ಗಣದ ಗೆರೆ ಪದದ ಅಂಚಿನ ಮೇಲೆ ಬೀಳುತ್ತದೆಯೋ ಪದವನ್ನು ಸೀಳುತ್ತದೆಯೋ ಎಂಬುದು. ಒಂದು ಮತ್ತು ಮೂರನೆಯ ಸಾಲುಗಳಲ್ಲಿ ಪ್ರತಿ ಗಣವೂ ಪದದ ಜೊತೆಗೇ ಮುಗಿಯುತ್ತದೆ. ನಾಲ್ಕು ಸಾಲೂ ಹೀಗೆಯೇ ಇದ್ದಿದ್ದರೆ ಮಗ್ಗಿ ಒಪ್ಪಿಸಿದ ಹಾಗೆ ಕೇಳಿಸುತ್ತಿತ್ತು. ನಾಲ್ಕನೆಯ ಸಾಲಿನಲ್ಲಿ ಗೆರೆ ‘ಎಂಬ ಮಾ’ ಎಂದು ಮಾತನ್ನು ನಡುವೆ ಕಡಿಯುತ್ತದೆ, ‘ತೆಲ್ಲಿ ಬಂ’ ಎಂದು ಇನ್ನೊಮ್ಮೆ ಕಡಿಯುತ್ತದೆ. ಲೆಕ್ಕ ಅಲ್ಲಿ ನಿಲ್ಲು ಎನ್ನುತ್ತದೆ, ನಾಲಗೆ ‘ಮಾತೆಲ್ಲಿ ಬಂತು’ ಎಂದು ಒಂದೇ ಉಸಿರಿಗೆ ಹೇಳುತ್ತದೆ. ನಾಲಗೆಯೇ ಗೆಲ್ಲುತ್ತದೆ, ಆದರೆ ಎಳೆದಾಟದ ಗುರುತು ದನಿಯಲ್ಲಿ ಉಳಿಯುತ್ತದೆ. ಪದ್ಯ ಹಾಡಿನ ಹೆಜ್ಜೆಯಿಂದ ಮಾತಿನ ಧಾಟಿಗೆ ಬರುವುದು ಆ ಜಾಗದಲ್ಲಿ. ಸೇಡಿಯಾಪು ಕೃಷ್ಣಭಟ್ಟರು ಛಂದಸ್ಸಿನ ಗತಿಯ ಕುರಿತು ಪುಸ್ತಕವನ್ನೇ ಬರೆದವರು. ಬರಿಯ ಮಾತ್ರೆಗಳ ಮೊತ್ತ ಪದ್ಯದ ನಡೆಯನ್ನು ಹೇಳುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅವರನ್ನು ಓದಿ.

ಪ್ರಾಸಕ್ಕೆ ಬಂದರೆ, ತುದಿಯಲ್ಲಿ ಬಂತು, ನಿಂತು, ಬಂತು. ಮೂರನೆಯ ಸಾಲು ಮಾತ್ರ ಹೊರಗೆ. ಪಾರಸಿ ಕವಿ ಉಮರನ ರುಬಾಯಿಗಳಲ್ಲಿ ಪರಿಚಿತವಾದ ಜೋಡಣೆ ಇದು: ಮೂರನೆಯದು ಬಿಟ್ಟುಹೋದಾಗ ಕಿವಿ ಕಾಯುತ್ತದೆ, ನಾಲ್ಕನೆಯದು ಬಂದು ಕಾದದ್ದನ್ನು ಕೊಡುತ್ತದೆ. ಎರಡನೆಯ ಸಾಲಿನ ‘ನಿಂತು’ ಪೂರ್ಣ ಕ್ರಿಯಾಪದವಲ್ಲ. ಅರ್ಥ ನಿಲ್ಲುವುದು, ಪ್ರಾಸವೂ ಅಲ್ಲಿ ನಿಲ್ಲುತ್ತದೆ, ವಾಕ್ಯ ಮಾತ್ರ ನಿಲ್ಲದೆ ಮೂರನೆಯ ಸಾಲಿನ ಕೊಡೆಯ ಕಡೆಗೆ ಹೋಗುತ್ತದೆ. ಆದಿಪ್ರಾಸ ಹುಡುಕುವವರಿಗೆ ಎರಡು ಮತ್ತು ಮೂರನೆಯ ಸಾಲುಗಳ ಎರಡನೆಯ ಅಕ್ಷರದಲ್ಲಿ ಡಕಾರ ಸಿಗುತ್ತದೆ. ಅದನ್ನು ಪ್ರಾಸವೆಂದು ಬರೆಯುವ ಹಾಗಿಲ್ಲ. ಒಂದರ ಹಿಂದೆ ದೀರ್ಘ, ಇನ್ನೊಂದರ ಹಿಂದೆ ಹ್ರಸ್ವ. ಗಜವನ್ನೂ ಸಿಂಹವನ್ನೂ ಒಂದು ನೊಗಕ್ಕೆ ಹೂಡಲಾಗದು ಎಂಬುದು ಹಳಬರ ಕಟ್ಟು.

‘ಮಳೆ ಬಂತು ಮಳೆ ಬಂತು’ ಎಂಬುದು ದ್ವಿರುಕ್ತಿ. ನಮ್ಮ ವ್ಯಾಕರಣ ದ್ವಿರುಕ್ತಿಗೆ ಕಾರಣಗಳನ್ನೂ ಹೇಳಿದೆ: ಸಂಭ್ರಮ, ಕೋಪ, ಆಶ್ಚರ್ಯ, ಆದರ, ಅನುಕ್ರಮ ಹೀಗೆ. ಇಲ್ಲಿ ಯಾವುದು ಎಂದು ತಿಳಿಯಲು ಒಂದು ಪರೀಕ್ಷೆ ಮಾಡಬಹುದು. ಅದರ ಬದಲು ‘ಜೋರಾಗಿ ಮಳೆ ಬಂತು’ ಎಂದು ಹಾಕಿ ಓದಿ. ಮಾತ್ರೆ ಇಪ್ಪತ್ತೇ, ಪ್ರಾಸವೂ ಅದೇ, ಮಳೆಯ ಬಗ್ಗೆ ಸುದ್ದಿಯೂ ಒಂದು ಹೆಚ್ಚು. ಹೋದದ್ದು ಸೇತುವೆಯ ಮೇಲಿನ ಜನರ ಕೂಗು. ಇನ್ನೊಂದು ಪರೀಕ್ಷೆ: ಕೊನೆಯ ಸಾಲಿನ ಜಾಗಕ್ಕೆ ‘ಊರು ಯಾವುದು ಎಂದು ಕೇಳಲಿಲ್ಲ’ ಎಂದು ಹಾಕಿ. ಅರ್ಥ ಅದೇ, ಮಾತ್ರೆಯೂ ಅಷ್ಟೇ, ಪ್ರಾಸ ಮಾತ್ರ ಇಲ್ಲ. ಪ್ರಾಸದ ಜೊತೆ ಇನ್ನೊಂದು ಹೋಗಿದೆ: ‘ಬಂತು’ ಎಂಬ ಪದ ಮಳೆಯಿಂದ ಹೊರಟು ಮಾತಿಗೆ ತಲುಪುವ ದಾರಿ. ಮೊದಲ ಸಾಲಿನಲ್ಲಿ ನಿಜವಾಗಿಯೇ ಬಂದದ್ದು, ಕೊನೆಯ ಸಾಲಿನಲ್ಲಿ ಬರಲಾರದ್ದು. ಚಿಕ್ಕ ಪದ್ಯವನ್ನು ವಿಶ್ಲೇಷಿಸುವವರು ಇಂಥ ಬದಲಿ ಪರೀಕ್ಷೆ ಮಾಡಬೇಕೆಂದು ನಾನು ಯಾವಾಗಲೂ ಹೇಳುತ್ತೇನೆ. ಒಂದು ಪದ ತೆಗೆದು ಅಷ್ಟೇ ತೂಕದ ಇನ್ನೊಂದನ್ನು ಇಟ್ಟಾಗ ಏನೂ ಕೆಡದಿದ್ದರೆ ಆ ಜಾಗದಲ್ಲಿ ಕವಿ ದುಡಿದಿಲ್ಲ.

ಮುಂಬಯಿಯಲ್ಲಿ ಕನ್ನಡ ಪದ್ಯ ಓದುವವರ ಕಿವಿಗೆ ಇನ್ನೊಂದು ಲೆಕ್ಕವೂ ಪರಿಚಯ. ಆಷಾಢ ಏಕಾದಶಿಯ ದಿನ ವಡಾಲದ ವಿಠ್ಠಲ ಮಂದಿರದ ಹತ್ತಿರ ನಿಂತರೆ ಅಭಂಗ ಕೇಳುತ್ತದೆ. ದೊಡ್ಡ ಅಭಂಗದಲ್ಲಿ ಆರು, ಆರು, ಆರು, ನಾಲ್ಕು ಎಂದು ಅಕ್ಷರಗಳ ಎಣಿಕೆ; ಎರಡು ಮೂರನೆಯ ಚರಣಗಳಿಗೆ ಪ್ರಾಸ, ನಾಲ್ಕನೆಯದು ಗಿಡ್ಡ. ಅಲ್ಲಿ ಗುರು ಲಘು ಭೇದ ನೋಡುವುದಿಲ್ಲ. ಹಾಡುವಾಗ ಎಳೆದು ಸರಿಮಾಡಿಕೊಳ್ಳುತ್ತಾರೆ. ಇದು ನಮಗೆ ತೀರ ಹೊರಗಿನದೇನಲ್ಲ. ಹತ್ತನೆಯ ಶತಮಾನದ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಹೇಳುವ ಬ್ರಹ್ಮ, ವಿಷ್ಣು, ರುದ್ರ ಎಂಬ ಅಂಶಗಣಗಳೂ ಹೀಗೆ ಎಳೆದಾಟಕ್ಕೆ ಒಗ್ಗುವಂಥವು. ಕಿಟೆಲ್ ಆ ಗ್ರಂಥವನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ. ತ್ರಿಪದಿಯಲ್ಲಿ ಹನ್ನೊಂದು ಗಣ. ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದವು ವಿಷ್ಣು. ಪುಸ್ತಕದಲ್ಲಿ ಅದಕ್ಕೆ ಮೂರೇ ಸಾಲು. ಬೀಸುವ ಕಲ್ಲಿನ ಮುಂದೆ ಹಾಡುವಾಗ ಎರಡನೆಯ ಸಾಲಿನ ಒಂದು ತುಂಡು ಮರಳಿ ಬಂದು ಅದು ಬೇರೆಯೇ ಆಕಾರ ತಾಳುತ್ತದೆ. ಆ ಮರುಕಳಿಕೆ ಕಾಗದದ ಮೇಲೆ ಇಲ್ಲ, ಆದ್ದರಿಂದ ಪ್ರಸ್ತಾರಕ್ಕೂ ಸಿಗುವುದಿಲ್ಲ.

ಛಂದಶ್ಶಾಸ್ತ್ರಕ್ಕೆ ಮುಂಬಯಿಯ ಕೊಡುಗೆಯೂ ಸಣ್ಣದಲ್ಲ. ವಿಲ್ಸನ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಎಚ್. ಡಿ. ವೇಲಣಕರ್ ಅವರು ಹಳೆಯ ಛಂದೋಗ್ರಂಥಗಳನ್ನು ಒಟ್ಟುಮಾಡಿ ‘ಜಯದಾಮನ್’ ಎಂಬ ಸಂಪುಟವನ್ನು 1949ರಲ್ಲಿ ಇಲ್ಲಿಂದಲೇ ತಂದರು. ಮಾತ್ರೆಯ ಛಂದಸ್ಸು ಬೆಳೆದ ಬಗೆಯನ್ನು ತಿಳಿಯಬಯಸುವ ಕನ್ನಡಿಗ ಅದನ್ನು ಪಕ್ಕಕ್ಕಿಡಲಾರ.

ಇನ್ನು ಯಕ್ಷಗಾನ. ಕರಾವಳಿಯಿಂದ ಬಂದ ಹೋಟೆಲಿನವರು, ಮಿಲ್ಲಿನವರು, ಬಂದರಿನವರು ಈ ನಗರಕ್ಕೆ ಭಾಗವತರನ್ನೂ ಕರೆಸಿಕೊಂಡರು. ಪ್ರಸಂಗದ ಪದ್ಯಗಳಲ್ಲಿ ಝಂಪೆ ಎಂದರೆ ಐದರ ನಡೆ, ತ್ರಿವುಡೆ ಎಂದರೆ ಮೂರು ನಾಲ್ಕು ಸೇರಿ ಏಳರ ನಡೆ. ಛಂದಸ್ಸಿನ ಪುಸ್ತಕವನ್ನು ಮುಟ್ಟಿಯೇ ನೋಡದ ಹಿರಿಯರು ಭಾಮಿನಿ ಷಟ್ಪದಿಯ ಒಂದು ಗಣ ತಪ್ಪಿದರೆ ಚೌಕಿಯ ಹಿಂದಿನಿಂದಲೇ ತಲೆ ಎತ್ತುವುದನ್ನು ನಾನು ಕಂಡಿದ್ದೇನೆ. ಮೂರು ನಾಲ್ಕು, ಮೂರು ನಾಲ್ಕು ಎಂಬುದು ಅವರಿಗೆ ಅಂಕಿಯಾಗಿ ತಿಳಿದದ್ದಲ್ಲ, ಕಾಲಿನಲ್ಲಿ ತಿಳಿದದ್ದು.

ಮುಂಬಯಿಯ ಕನ್ನಡ ಕವಿತೆಗೆ ಲೋಕಲ್ ರೈಲಿನ ಲಯ ಬಂದಿದೆ ಎಂಬ ಮಾತನ್ನು ಮುನ್ನುಡಿಗಳಲ್ಲಿ ಓದುತ್ತಿರುತ್ತೇವೆ. ನಾನು ಅದನ್ನು ಹುಡುಕಿದ್ದೇನೆ, ನನ್ನ ಕಿವಿಗೆ ಸಿಕ್ಕಿಲ್ಲ. ಹಳಿಯ ಸದ್ದು ಸಮನಾಗಿ ಬೀಳುವ ಪೆಟ್ಟು. ನಮ್ಮ ಐದರ ನಡೆಯೂ ಏಳರ ನಡೆಯೂ ಒಂದು ಕಡೆ ವಾಲಿಕೊಂಡು ಹೋಗುವಂಥವು. ರೈಲು ಕವಿತೆಯ ಒಳಗೆ ವಸ್ತುವಾಗಿ ಬಂದಿದೆ, ಗಣವಾಗಿ ಬಂದದ್ದು ಕಾಣೆ.

ನವ್ಯದ ಕಾಲದಿಂದ ಮಾತ್ರೆಯ ಲೆಕ್ಕವೇ ಸಡಿಲವಾಯಿತು. ಬೆಸ್ಟ್ ಸಂಸ್ಥೆಯಲ್ಲಿ ದುಡಿದ ಬಿ. ಎ. ಸನದಿ ಹಾಡುವ ಗೀತೆಯನ್ನು ಬಿಡಲಿಲ್ಲ. ಗೋಕರ್ಣದಿಂದ ಬಂದು ದಶಕಗಳ ಕಾಲ ಇಲ್ಲಿದ್ದ ಜಯಂತ ಕಾಯ್ಕಿಣಿ ಮುಕ್ತ ಛಂದದಲ್ಲಿ ಬರೆದರು. ‘ಕೋಟಿತೀರ್ಥ’, ‘ಶ್ರಾವಣ ಮಧ್ಯಾಹ್ನ’, ‘ನೀಲಿಮಳೆ’ ಸಂಕಲನಗಳಿಗೆ ಪ್ರಸ್ತಾರ ಹಾಕಲು ಹೊರಟರೆ ಏನೂ ಸಿಗದು. ಹಾಗೆಂದು ವಿಶ್ಲೇಷಣೆ ನಿಲ್ಲಬೇಕಿಲ್ಲ. ಗಣ ಹೋದಾಗ ಅದರ ಕೆಲಸವನ್ನು ಪುನರಾವರ್ತನೆ ವಹಿಸಿಕೊಳ್ಳುತ್ತದೆ. ಒಂದೇ ರಚನೆಯ ವಾಕ್ಯಗಳು ಸಾಲಾಗಿ ಬರುತ್ತವೆ. ಯಾವ ವಾಕ್ಯ ಆ ಅಚ್ಚನ್ನು ಮುರಿಯುತ್ತದೋ ಅಲ್ಲಿ ಕವಿತೆ ತಿರುಗುತ್ತದೆ. ಅಲ್ಲಿ ಮಾತ್ರೆ ಎಣಿಸುವ ಬದಲು ವಾಕ್ಯಗಳನ್ನು ಎಣಿಸಬೇಕು. 2006ರ ‘ಮುಂಗಾರು ಮಳೆ’ಯಿಂದ ಅದೇ ಕವಿ ಚಿತ್ರಗೀತೆಯಲ್ಲಿ ಮನೆಮಾತಾದಾಗ ಲೆಕ್ಕ ಇನ್ನೊಮ್ಮೆ ಬದಲಾಯಿತು. ಚಿತ್ರಗೀತೆಗೆ ಸಾಮಾನ್ಯವಾಗಿ ಧಾಟಿ ಮೊದಲು, ಮಾತು ಆಮೇಲೆ. ಅಲ್ಲಿ ಛಂದಸ್ಸು ರಾಗ ಹಾಕಿದವನ ಕೈಯಲ್ಲಿರುತ್ತದೆ, ಗುರುವನ್ನು ಎಲ್ಲಿ ಕೂರಿಸಬೇಕೆಂಬ ಜಾಣ್ಮೆಯಷ್ಟೇ ಕವಿಯದು.

ದಿನಕರ ದೇಸಾಯಿಯವರಿಗೇ ಮರಳುತ್ತೇನೆ, ಈ ಸಲ ಗಡಿಯಾರದ ಮೇಲೆ ಅವರು ಮಕ್ಕಳಿಗೆಂದು ಬರೆದ ಪದ್ಯಕ್ಕೆ. ಅದರ ಮೊದಲ ಸಾಲಿನಲ್ಲಿ ಬಿಂದುವಿನ ಜೊತೆಗಿನ ಟಕಾರ ಎರಡು ಪದಗಳ ಬುಡದಲ್ಲಿ ಒಂದರ ಹಿಂದೆ ಒಂದು ಬರುತ್ತದೆ. ಹಳಬರ ವೃಷಭಪ್ರಾಸ ಸಾಲಿನ ಆರಂಭವನ್ನು ಬಿಟ್ಟು ಒಂದೇ ಸಾಲಿನ ಒಳಗೆ ಬಂದು ಕೂತ ಹಾಗೆ. ದುಬಾರಿ ಪ್ರಾಸವನ್ನು ಮಕ್ಕಳ ಕೈಗೆ ಆಟದ ಸಾಮಾನಾಗಿ ಕೊಟ್ಟಿದ್ದಾರೆ. ನಡೆ ನಾಲ್ಕು ಮಾತ್ರೆಯದು. ನಾಲ್ಕು, ನಾಲ್ಕು, ನಾಲ್ಕು, ಕೊನೆಯ ಗಣ ಮಾತ್ರ ಮೂರಕ್ಕೇ ನಿಲ್ಲುತ್ತದೆ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಐದಾರು ಮಕ್ಕಳಿಗೆ ಒಂದು ಭಾನುವಾರ ಅದನ್ನು ಹೇಳಿಕೊಟ್ಟೆ, ಗಣಕ್ಕೊಂದು ಚಪ್ಪಾಳೆ ಹಾಕಿ ಎಂದೆ. ಪದಗಳ ಅರ್ಥ ಅವರಿಗೆ ಪೂರ್ತಿ ಗೊತ್ತಿರಲಿಲ್ಲ. ಎರಡನೆಯ ಸಲ ಹೇಳುವಷ್ಟರಲ್ಲಿ ಎಲ್ಲರೂ ಸಾಲಿನ ಕೊನೆಯಲ್ಲಿ ಉಳಿದ ಆ ಒಂದು ಮಾತ್ರೆಯ ಮೌನವನ್ನು ಕಾದು, ಆಮೇಲೆ ಮುಂದಿನ ಸಾಲಿಗೆ ಕೈ ತಟ್ಟಿದರು.